ಮಗ್ಗದ ಕುಣಿಗೆ ಬಂದ ಹಸಿ

ರಬಕವಿಯ ನಮ್ಮ ಓಣಿಗೆ ಬಂದು ಶೇವಂತಿ ಮನಿ ಯಾವುದು ಅಂತ ಕೇಳಿದ್ರ ಮಂದಿ ತಲಿ ಕೆರಕೋತಾರ. ಗುಮಾನಿ ಶೇವಂತಿ ಅನ್ರಿ, ಕೂಸು ಸುದ್ದಾ ಕೈ ಮಾಡಿ ತೋರಸ್ತೈತಿ. ಹಾಲು ತಂದವನ ಮುಂದನ ಹಾಲಾಗ ಬೆರಳದ್ದಿ ನೋಡೋ ಹೆಣ್ಣಮಗಳು ಆಕಿ. ನೂಲು ತಂದವನ ಮುಂದ ಎಳಿ ಹರಿದು ನೋಡತಾಳ. ಸುಮ್ನ ಮಾತಾಡಸಾಕ ಬಂದೇನಿ ಅಂದ್ರ, ಸುಮ್ನ ಯಾಕ ಬಂದಿ ಅಂತ ಕೇಳತಾಳ.

ಆಕಿದೂ ಪೂರಾ ತಪ್ಪಿಲ್ಲ ಬಿಡ್ರಿ. ಹೊಳಿಗೆ ದೊಡ್ಡ ಮಹಾಪೂರ ಬಂದ ವರ್ಷ ಸರ್ಕಾರದ ಮಂದಿ ಜೀಪಿನ ಮ್ಯಾಲ ಮೈಕ್ ಕಟ್ಟಿಕೊಂಡು ಬಂದು, ಈ ಓಣಿಗೆ ನೀರು ಬರಂಗಿಲ್ಲ, ಯಾರೂ ಅಂಜಬ್ಯಾಡ್ರಿ ಅಂತ ಒದರಿ ಹೋದ್ರು. ಶೇವಂತಿಯ ಗಂಡ ಗಿರಮಲ್ಲಪ್ಪ ಅದನ್ನ ನಂಬಿದ. ಮರುದಿನ ಹೊತ್ತು ಏರೂದ್ರಾಗ ಮಗ್ಗ ನೀರಾಗ ಮುಳಗಿತ್ತು, ಉದ್ದಕ್ಕ ಎಳದ ನೂಲಿನ ಹಾಸು ಕೊಳೀತು. ಆ ಕೊರಗಿನಾಗ ಎರಡು ವರ್ಷಕ್ಕ ಆತ ಹೋದ. ಆವತ್ತಿನಿಂದ ಆಕಿ ಕಿವಿಯಿಂದ ಕೇಳಿದ್ದನ್ನ ನಂಬೋದು ಬಿಟ್ಟಾಳ.

ಸುತ್ತ ಎಲ್ಲಾ ಪಾವರ್‌ಲೂಮ್ ಖಟಖಟ ಅಂತಾವ. ಶೇವಂತಿದು ಮಾತ್ರ ಹಳೇ ಕುಣಿ ಮಗ್ಗ. ನೆಲದಾಗ ಮೊಣಕಾಲ ಮಟ ಕುಣಿ ತೋಡಿ, ಅದರ ದಂಡಿಗೆ ಕುಂತು, ಕಾಲು ಕುಣಿಯಾಗ ಇಳಿಬಿಟ್ಟು ತುಳಿದು ನೇಯೋದು. ಆ ಕುಣಿ ಒಣಗಿದ್ರ ಆಕಿ ಬಾಳೇವು. ಹಸಿ ಆತು ಅಂದ್ರ ಹಾಸಿನ ನೂಲಿಗೆ ಬೂಷ್ಟು ಹಿಡೀತೈತಿ, ಕಾಲು ಜೋಮು ಹಿಡೀತಾವ, ಸೀರಿ ಯಾರೂ ಒಯ್ಯಂಗಿಲ್ಲ. ಮತ್ತೊಂದು ಕೆಲಸ ಆಕಿಗೆ ಬರಂಗಿಲ್ಲ.

ಯುಗಾದಿ ಮುಗಿದು ಹದಿನೈದು ದಿನ ಆಗಿತ್ತು. ಹೊಳಿಯಾಗ ನೀರಿಗಿಂತ ಉಸುಕ ಜಾಸ್ತಿ ಕಾಣ್ತಿತ್ತು. ಅಂಥಾ ಉರಿಬಿಸಲಾಗ ಶೇವಂತಿ ಮಗ್ಗಕ್ಕ ಕುಂತು ಕಾಲಿಟ್ಟರ ಅಂಗಾಲಿಗೆ ತಣ್ಣಗ ಹತ್ತಿತು. ಬಗ್ಗಿ ಕೈಯಾಡಿಸಿದ್ಲು. ಹಸಿ. ಮರುದಿನ ಮತ್ತಷ್ಟು ಹಸಿ. ನಾಕನೇ ದಿನಕ್ಕ ಹೆಜ್ಜಿ ಮೂಡುವಂಗ ಕೆಸರು.

ಗುಮಾನಿ ಸೀದಾ ಬಾಜೂ ಮನಿಗೆ ಹೋತು. ಬಾಜೂ ಮನಿ ರಾಧಿಕಾಂದು. ಹತ್ತು ವರ್ಷ ತಡಕಿ ಕಟಗೊಂಡು ಜಳಕಾ ಮಾಡಿದ ಹುಡುಗಿ, ಆ ಸಂಕ್ರಾಂತಿಗೆ ಚಿಲಕ ಇರೋ ಬಾಗಲಾ ಹಚ್ಚಿ ಬಚ್ಚಲಾ ಕಟ್ಟಿಸಿಕೊಂಡಿದ್ಲು. ನೆಲಕ್ಕ ನೀಲಿ ಫರಸಿ ಕೂಡಿಸಿದ್ಲು. ಶೇವಂತಿ ಓಣಿಯ ನಾಕು ಹಿರ್ಯಾರನ್ನ ಕರಕೊಂಡು ಬಂದು, ಈಕಿ ಬಚ್ಚಲ ಪೈಪ್ ಒಡದೈತಿ, ಗೊತ್ತಿದ್ದೂ ಬಾಯಿ ಮುಚಗೊಂಡು ಕುಂತಾಳ ಅಂದ್ಲು. ಇಲ್ಲ ಕಾಕು, ಖರೇನ ಇಲ್ಲ ಅಂತ ರಾಧಿಕಾ ಆಣಿ ಮಾಡಿದ್ರೂ ಕೇಳಲಿಲ್ಲ. ಕಡೀಕ ಆ ಹುಡುಗಿಗೆ ಸಿಟ್ಟು ನೆತ್ತಿಗೇರಿತು. ಒಳಗ ಹೋಗಿ ಹಾರಿ ತಂದು, ಎಲ್ಲಾರ ಎದುರಿಗೇ ತನ್ನ ಫರಸಿ ತಾನ ಒಡದ್ಲು. ಪೈಪ್ ಗಟ್ಟಿ ಇತ್ತು, ಸುತ್ತಿನ ಮಣ್ಣು ಬೆಣಚುಕಲ್ಲಿನಂಗ ಒಣಗಿತ್ತು. ಹಿರ್ಯಾರು ಟೊಪಿಗಿ ಸರಿ ಮಾಡಿಕೊಂಡು ಎದ್ದು ಹೋದ್ರು. ರಾಧಿಕಾ ಒಡದ ಫರಸಿ, ಕಾಂಕ್ರೀಟು ಎಲ್ಲಾ ತಂದು ಅಂಗಳದಾಗ ಗುಡ್ಡಿ ಹಾಕಿ ಬಾಗಲಾ ಮುಚಗೊಂಡ್ಲು. ಶೇವಂತಿಗೆ ಆವತ್ತು ಭಾಳ ನಾಚಿಕಿ ಆತು. ತಪ್ಪಾತು ಅನ್ನದನ ಮನಿಗೆ ಬಂದ್ಲು.

ಆದ್ರ ಹಸಿ ನಿಲ್ಲಬೇಕಲ್ರಿ. ಒಂದು ಮುಂಜಾನಿ ಆಕಿ ಕುಣಿಯ ಕೆಸರು ಚಿಟಿಕಿ ತಗೊಂಡು ಮೂಸಿ ನೋಡಿದ್ಲು. ಓಣಿ ಗಟಾರದ ವಾಸನಿ. ಗಟಾರದ ನೀರು ಓಣಿ ಹಿಂದಿನ ನಾಲಾದಿಂದ ಹೊಳಿಗೆ ಹೋಗತಿತ್ತು, ಆ ಕಡೆ ಆಕಿ ಹೋಗಿ ಭಾಳ ದಿನಾ ಆಗಿತ್ತು. ಹಿಂಗಾದ್ರ ಅದು ಹೋಗಾಕತ್ತಿಲ್ಲ ಅಂತ ಸೆರಗು ಸಿಗಿಸಿಕೊಂಡು ನಡದ್ಲು. ನೋಡಿದ್ರ ನಾಲಾನ ಇಲ್ಲ! ಅದಿದ್ದ ಜಾಗಾದಾಗ ಆಳೆತ್ತರ ಕರೀ ಹೂಳು ಬಿದ್ದೈತಿ, ಅದರ ಮ್ಯಾಲ ಸುಣ್ಣಾ ಬಡದ ಪ್ಲಾಟಿನ ಕಲ್ಲು ನಿಂತಾವ. ಈಚೆ ದಂಡಿಗೆ ಗಟಾರದ ನೀರು ಕೆರಿಯಂಗ ನಿಂತು ನೆಲದಾಗ ಇಂಗಾಕತ್ತೈತಿ.

ಹೊಳಿಯೊಳಗ ಆಗ ಹೂಳು ತಗಿಯೋ ಕೆಲಸ ನಡದಿತ್ತು. ಗುತ್ತಿಗೆದಾರನ ಕಡೆ ಮನಷ್ಯಾ ಬಾಳೇಶ ಅನ್ನಾಂವ. ನಕ್ಕರ ಹಲ್ಲೆಲ್ಲಾ ಕಾಣೋ ಆಸಾಮಿ. ರಾಧಿಕಾ ಫರಸಿ ಒಡದ ವಾರದಾಗ ಅಂವ ಓಣಿಗೆಲ್ಲಾ ಪುಕ್ಕಟೆ ಒಂದೊಂದು ಟ್ರಾಲಿ ಹೂಳು ಹಾಕಿಸಿಕೊಟ್ಟಿದ್ದ, ಅಂಗಳಾ ಎತ್ತರ ಮಾಡಿಕೋರಿ, ಮಳಿಗಾಲದಾಗ ಕೆಸರಾಗಂಗಿಲ್ಲ ಅಂತ. ಶೇವಂತಿ ಮಾತ್ರ ಪುಕ್ಕಟೆ ಅನ್ನೋ ಮಾತಿಗೇ ಟ್ರಾಕ್ಟರ್ ತಿರುವಿ ಕಳಿಸಿದ್ಲು. ಈಗ ಈ ಪ್ಲಾಟು ಯಾರವಪಾ ಅಂತ ಕೇಳಿದ್ರ, ನಿಮಗ್ಯಾಕ ಆಯಿ, ನೀವು ಸೀರಿ ನೇಯ್ರಿ ಅಂತ ನಕ್ಕ.

ಹೊಳಿ ದಂಡಿಗೆ ಕೆಲಸದ ಬೋರ್ಡೊಂದು ಇತ್ತು. ಶೇವಂತಿಗೆ ಓದು ಅಷ್ಟಕ್ಕಷ್ಟ. ಒಬ್ಬರು ಓದಿ ಹೇಳಿದ್ದನ್ನ ನಂಬೋ ಪೈಕಿನೂ ಅಲ್ಲ. ಸಾಲಿ ಮಾಸ್ತರನ ಕಡಿಂದ ಒಮ್ಮೆ ಓದಿಸಿದ್ಲು, ಬಸ್ ಕಂಡಕ್ಟರನ ಕಡಿಂದ ಒಮ್ಮೆ, ಗುಡಿ ಪೂಜಾರಿ ಹೇಣ್ತಿ ಕಡಿಂದ ಮತ್ತೊಮ್ಮೆ, ಒಬ್ಬರಿಗೊಬ್ಬರು ಗೊತ್ತಾಗದಂಗ. ಮೂರೂ ಮಂದಿ ಓದಿದ್ದು ಒಂದ: ತಗದ ಹೂಳು ಹೊಳಿ ದಂಡಿಗೆ, ನಾಲಾದಾಗ ಹಾಕಬಾರದು, ಊರಾಚೆ ಗುರುತು ಮಾಡಿದ, ದನಾ ಮೇಯೋ ಗಾಯರಾಣಕ್ಕನ ಒಯ್ಯಬೇಕು, ಹೂಳು ತುಂಬಿದ ಜಾಗಾದಾಗ ಕಟ್ಟಡ ಕಟ್ಟಬಾರದು. ಆವಾಗ ಆಕಿ ಜಮಖಂಡಿ ಕಚೇರಿಗೆ ಅರ್ಜಿ ಬರೆಸಿದ್ಲು. ಬರೆದದ್ದನ್ನೂ ಇನ್ನೊಬ್ಬರ ಕಡಿಂದ ಓದಿಸಿ ನೋಡಿದ್ಲು.

ಮ್ಯಾಲಿಂದ ಮ್ಯಾಲ ಮೂರು ಅರ್ಜಿ ಹೋದ ಮ್ಯಾಲ ಜಮಖಂಡಿಯಿಂದ ರಾಘವೇಂದ್ರ ಅನ್ನೋ ಎಂಜಿನೀಯರ್ ಸಾಹೇಬರು ಬಂದ್ರು. ಅವರಿಗೆ ಶೇವಂತಿ ಮ್ಯಾಲನ ಗುಮಾನಿ, ಪರಿಹಾರಕ್ಕ ನಾಟಕ ಮಾಡಾಕತ್ತಾಳ ಅಂತ. ಬಾಳೇಶ ಬ್ಯಾರೆ ಬೆನ್ನಿಗೆ ನಿಂತು, ಓಣಿ ಮಂದಿ ತಾವ ಬೇಡಿ ಹಾಕಿಸಿಕೊಂಡಾರ್ರಿ, ಎಲ್ಲಾರ ಅಂಗಳಾ ನೋಡ್ರಿ ಅಂದ. ಅಂಗಳದಾಗ ಹೂಳು ಇದ್ದವರು ಒಬ್ಬೊಬ್ಬರ ತಮ್ಮ ಬಾಗಲದೊಳಗ ಸರಿದ್ರು. ಸಾಹೇಬರು ಅತ್ತಿತ್ತ ನೋಡಿ ಪೆನ್ನು ತಗದ್ರು. ಅರ್ಜಿದಾರರು ನೀವ, ನಿಮ್ಮ ಮಾತೊಂದ ಸಾಲಂಗಿಲ್ಲ, ಹೂಳು ಹಾಕಿಸಿಕೊಳ್ಳದ ಇನ್ನೊಂದು ಮನಿಯವರು ಪಂಚನಾಮೆಗೆ ಸಹಿ ಮಾಡಬೇಕು, ಇಲ್ಲಂದ್ರ ಅರ್ಜಿ ಇಲ್ಲಿಗೇ ಮುಗೀತು ಅಂದ್ರು.

ಹೂಳು ಇಲ್ಲದ ಅಂಗಳಾ ಓಣಿಯಾಗ ಇನ್ನೊಂದ ಇತ್ತು. ರಾಧಿಕಾಂದು. ಅಲ್ಲಿ ಒಡದ ಫರಸಿಯ ಗುಡ್ಡಿ ಬಿದ್ದಿತ್ತಲ್ಲ, ಟ್ರಾಕ್ಟರಿಗೆ ಒಳಗ ಹೋಗಾಕ ಜಾಗಾನ ಇರಲಿಲ್ಲ.

ಶೇವಂತಿಯ ಕಾಲು ಆ ಬಾಗಲಕ್ಕ ಹೋಗಾಕ ಒಲ್ಲವು. ಯಾವ ಮುಖಾ ಇಟಗೊಂಡು ಕೇಳಲಿ ಅಂತ ಅಲ್ಲೇ ನಿಂತ್ಲು. ಮೃಗಶಿರ ಮಳಿ ತಿಂಗಳ ದೂರಿತ್ತು. ಹೊಳಿ ಏರಿದ್ರ ಮಗ್ಗ ಮತ್ತ ನೀರಾಗ. ಅಷ್ಟರಾಗ ಬಾಗಲಾ ತಗದು ರಾಧಿಕಾ ತಾನ ಹೊರಗ ಬಂದ್ಲು. ಯಾರನ್ನೂ ನೋಡದ ಶೇವಂತಿಯ ಮನಿಯೊಳಗ ಹೋಗಿ, ಮಗ್ಗದ ದಂಡಿಗೆ ಕುಂತು, ಸೀರಿ ಎತ್ತಿಕೊಂಡು ಎರಡೂ ಕಾಲು ಕುಣಿಯಾಗ ಇಳಿಸಿದ್ಲು. ಹಿಂಬಡದ ತನಕ ಕೆಸರಾಗ ಹೋತು. ಸಾಹೇಬರು ಹೊಸ್ತಿಲದಾಗ ನಿಂತು ನೋಡಾಕತ್ತಿದ್ರು.

“ಕಾಕು, ನೀ ನನ್ನ ಮಾತು ನಂಬಲಿಲ್ಲ,” ಅಂದ್ಲು ರಾಧಿಕಾ. “ನಾನೂ ನಿನ್ನ ಮಾತು ನಂಬಿ ಸಹಿ ಮಾಡಂಗಿಲ್ಲ. ನನ್ನ ಕಾಲು ನಂಬಿ ಮಾಡತೇನಿ.”

ಕೆಸರು ಕಾಲಿನಿಂದನ ಹೊರಗ ಬಂದು ಸಹಿ ಹಾಕಿದ್ಲು. ಬಾಳೇಶನ ಟ್ರಾಕ್ಟರು ದಿನಾ ಎಷ್ಟು ಖೇಪು ನಾಲಾಕ್ಕ ಸುರುವಿದ್ವು ಅಂತ ಕೇಳಿದ್ದಕ್ಕ, ಕಂಡಷ್ಟನ್ನ ಕಂಡಂಗ ಹೇಳಿದ್ಲು. ಶೇವಂತಿಗೆ ಕಣ್ಣಾಗ ನೀರು ಬಂದು ಸೆರಗು ಬಾಯಿಗೆ ಒತ್ತಿಕೊಂಡ್ಲು.

ಹುಕುಂ ಬಂತು. ಹಾಕಿದವರ ಕೈಲೇ ಹೂಳು ಎತ್ತಿಸಿ ಗಾಯರಾಣಕ್ಕ ಕಳಿಸಿದ್ರು, ಪ್ಲಾಟಿನ ಕಲ್ಲು ಕಿತ್ತಿದ್ರು. ಪ್ರತಿ ಟ್ರಾಲಿ ಖರೇನ ಗಾಯರಾಣಕ್ಕ ಹೋತೋ ಇಲ್ಲೋ ಅಂತ ಶೇವಂತಿ ಛತ್ರಿ ಹಿಡಕೊಂಡು ಬಿಸಲಾಗ ನಾಕು ದಿನ ಕಾದ್ಲು. ನಾಲಾ ಹರೀತು. ಮಳಿ ಹಿಡಿಯೂದ್ರಾಗ ಕುಣಿ ಒಣಗಿತು.

ಅದಾದ ಮ್ಯಾಲ ಆಕಿ ಗೌಂಡಿಯನ್ನ ಕರಕೊಂಡು, ಅದ ನೀಲಿ ಫರಸಿ ಹೊರಿಸಿಕೊಂಡು ರಾಧಿಕಾನ ಬಾಗಲಕ್ಕ ಬಂದ್ಲು. ರಾಧಿಕಾ ಬಾಗಲಾ ತಗದ್ಲು. ಒಂದೊಂದು ಫರಸಿಯನ್ನ ಬೆರಳಿನಿಂದ ಬಡದು ನೋಡಿ ಗೌಂಡಿಗೆ ಕೊಟ್ಲು. ಬಚ್ಚಲಾ ಗಟ್ಟಿಯಾದ ಮ್ಯಾಲ ಐದು ಕೊಡ ನೀರು ಸುರುವಿ, ಹೊಸ್ತಿಲ ಮ್ಯಾಲ ಕುಂತಿದ್ದ ಶೇವಂತಿ ಕಡೆ ತಿರುಗಿದ್ಲು.

“ಹೋಗು, ನಿನ್ನ ಕುಣಿ ನೋಡ್ಕೊಂಡು ಬಾ.”

“ನೋಡಂಗಿಲ್ಲವಾ,” ಅಂದ್ಲು ಶೇವಂತಿ. “ತಪ್ಪಾತು.”

ಗುಮಾನಿ ಶೇವಂತಿ ನೋಡದ ನಂಬತಾಳ ಅಂದ್ರ ಯಾರು ನಂಬಬೇಕು? ರಾಧಿಕಾ ತಾನ ಬಾಜೂ ಮನಿಗೆ ಹೋಗಿ ಕುಣಿಯಾಗ ಕಾಲಿಟ್ಟು ಬಂದ್ಲು. ಅಂಗಾಲು ತಿರುವಿ ಶೇವಂತಿಗೆ ತೋರಿಸಿದ್ಲು. ಒಣ ಮಣ್ಣಿನ ಧೂಳಿತ್ತು, ಅಷ್ಟ. ಆಮ್ಯಾಲ ಒಳಗ ಹೋಗಿ ಚಾಕ್ಕ ಇಟ್ಲು, ಎರಡು ಕಪ್ಪಿನ ನೀರು.