ಮುದ್ದೆಯೊಳಗಿನ ಗುಂಡು

ಹೆಬ್ಬೆರಳುದ್ದದ ಒಂದು ಅಯಸ್ಕಾಂತ. ಅದರ ಮೈತುಂಬ ಮೊಳೆ, ತಂತಿಯ ಚೂರು, ತುಕ್ಕು ಹಿಡಿದ ಒಂದು ಸೇಫ್ಟಿ ಪಿನ್ನು. ಹೋದ ತಿಂಗಳು ನಮ್ಮ ಹಸು ಕೆಂಪಿ ವಯಸ್ಸಾಗಿ ಸತ್ತಳು. ಹೂಳುವ ಮುಂಚೆ ಹೊಟ್ಟೆ ಕೊಯ್ದು ನೋಡಲೇಬೇಕು ಅಂತ ಹಟ ಹಿಡಿದವಳು ನಾನೇ. ಆಗ ಒಳಗಿಂದ ಬಂದದ್ದು ಇದು. ಸೋಪು ಹಾಕಿ ಮೂರು ಸಲ ತೊಳೆದರೂ ಮೆಲುಕಿನ ಹುಳಿವಾಸನೆ ಹೋಗಿಲ್ಲ... ಮೂಗಿನ ಹತ್ತಿರ ತಂದರೆ ಸಾಕು, ದನದ ಡಾಕ್ಟ್ರಮ್ಮ ಎದುರಿಗೆ ಬಂದು ನಿಂತುಬಿಡುತ್ತಾರೆ.

ಕಟ್ಟಾಯದಿಂದ ಹಳೇಕೋಟೆ ಕಡೆಗೆ ನಾನು ಸೊಸೆಯಾಗಿ ಬಂದಾಗ ತವರಿನವರು ಜೊತೆಗೆ ಕಳಿಸಿದ ಹಸು ಕೆಂಪಿ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅವಳೊಬ್ಬಳೇ. ಸಂಕ್ರಾಂತಿ ಬೆಳಗ್ಗೆ ಹಸುವಿನ ಕೊರಳಿಗೆ ಚೆಂಡುಹೂವಿನ ಜೊತೆ ಒಂದು ಚಿನ್ನದ ಗುಂಡು ಪೋಣಿಸಿ ಕಟ್ಟುವುದು ನಮ್ಮತ್ತೆಯ ಪದ್ಧತಿ. ಕಡಲೆಕಾಳಿಗಿಂತ ಸಣ್ಣದು, ಅವರ ತಾಳಿಯ ಜೋಡಿ ಗುಂಡಿನಲ್ಲಿ ಒಂದು. ಒಂಬತ್ತು ವರ್ಷದ ಹಿಂದಿನ ಸಂಕ್ರಾಂತಿ, ಕಿಚ್ಚು ಹಾಯಿಸುವ ಹೊತ್ತಿಗೆ ನೋಡಿದರೆ ಕೊರಳಲ್ಲಿ ಸರವಿಲ್ಲ, ಕೆಂಪಿಯ ಬಾಯಲ್ಲಿ ಅರ್ಧ ಚೆಂಡುಹೂವು!

ಒಂದು ವಾರ ಸಗಣಿ ಕಲಸಿ ಹುಡುಕಿದವಳು ಯಾರು? ಇನ್ಯಾರು, ನಾನೇ. ಸಿಗಲಿಲ್ಲ. ಎಂಟನೇ ದಿನ ಹಾಸನದಲ್ಲಿ ಸೆಕ್ಯುರಿಟಿ ಕೆಲಸದಲ್ಲಿದ್ದ ಭಾವ, ಬಾಗಿಲಲ್ಲಿ ಜನರ ಮೈ ತಡವುವ ಮೆಟಲ್ ಡಿಟೆಕ್ಟರ್ ತಂದರು. ಕೆಂಪಿಯ ಎದೆಯ ಕೆಳಗೆ ಹಿಡಿದದ್ದೇ ತಡ, ಕುಯ್ಯೋ ಅಂತ ಕೂಗಿತು.

"ನಾನ್ ಯೋಳ್ನಿಲ್ವಾ? ನನ್ ಗುಂಡು ಅದ್ರ ಒಟ್ಟೇಲೇ ಅದೆ ಕಣ್ಲಾ! ಕುಯ್ಸು!" ಅಂದರು ಅತ್ತೆ. ಕೆಂಪಿ ಎಂಟು ತಿಂಗಳ ಗಬ್ಬ. ಕೊಯ್ದರೆ ಕರು ಉಳಿಯುವುದು ಅನುಮಾನ, ಅವಳು ಉಳಿಯುವುದೂ ಅನುಮಾನ. ನನ್ನ ಗಂಡ ಅಮ್ಮನ ಮುಖ ನೋಡಿದರು, ಅಣ್ಣನ ಮುಖ ನೋಡಿದರು, ಕೊನೆಗೆ ನೆಲ ನೋಡಿದರು. ಮೈಯೆಲ್ಲಾ ಉರಿದುಹೋಯಿತು ನನಗೆ.

ಡಾಕ್ಟ್ರಮ್ಮನನ್ನು ಕರೆಸಿದರು. ಅರಕಲಗೂಡಿನ ಕಡೆಯವರು. ಕುಳ್ಳಗೆ, ಚೂಡಿದಾರದ ಕೆಳಗೆ ಗಂಬೂಟು. ಊರ ಗಂಡಸರಿಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೆ.

"ಮಿಷನ್ ಕೂಗಿದ್ ಕೇಳ್ನಿಲ್ವಾ ಮೇಡಂ? ಕುಯ್ದು ತಗೀರಿ," ಅಂದರು ಭಾವ.

"ಕೇಳಿಸ್ತು. ಏನ್ ಕಂಡು ಕೂಗ್ತು ಅಂತ ಮಿಷನ್ ಹೇಳ್ತಾ?" ಅಂದವರೇ ಅದನ್ನು ಕಿತ್ತುಕೊಂಡು ಜಗಲಿಯ ಮೇಲೆ ಕೂತರು. ಮೊದಲು ನಮ್ಮ ಬಳೆ, ಪಿನ್ನು, ಕಾಲುಂಗುರ ಎಲ್ಲ ದೂರ ಇಡಿಸಿದರು. ಅತ್ತೆ ಕಾಲುಂಗುರ ತೆಗೆಯಲೊಲ್ಲೆ ಅಂದಾಗ ಅವರನ್ನೇ ಎದ್ದು ಅಂಗಳಕ್ಕೆ ಹೋಗಿ ಅಂದರು! ಆಮೇಲೆ ಅಷ್ಟೇ ಗಾತ್ರದ ಇನ್ನೊಂದು ಗುಂಡು ಕೇಳಿದರು. ಅತ್ತೆ ಅಂಗಳದಿಂದಲೇ ಕೊರಳು ಮುಚ್ಚಿಕೊಂಡು, "ಇರೋ ಒಂದ್ನೂ ನುಂಗ್ಸಕ್ಕಾ?" ಅಂದರು.

ನಾನು ನನ್ನ ತಾಳಿಯ ದಾರ ಸಡಿಲಿಸಿ ಒಂದು ಗುಂಡು ಜಾರಿಸಿ ಕೊಟ್ಟೆ. ಗಂಡ ಎದುರಿಗೇ ನಿಂತಿದ್ದಾರೆ, ಅತ್ತೆ ಅಯ್ಯಯ್ಯೋ ಅಂತ ಬಾಯಿ ಬಡಿದುಕೊಳ್ಳುತ್ತಿದ್ದಾರೆ. ಬಡಿದುಕೊಳ್ಳಲಿ ಬಿಡಿ. ಡಾಕ್ಟ್ರಮ್ಮ ಮಾತ್ರ ಒಂದು ಕ್ಷಣ ನನ್ನನ್ನೇ ನೋಡಿ, "ಮಧ್ಯಾಹ್ನದ ಮುದ್ದೆ ಮಿಕ್ಕಿದ್ಯಾ ತಾಯಿ?" ಅಂತ ಕೇಳಿದರು.

ಗುಂಡನ್ನು ಮುದ್ದೆಯೊಳಗೆ ಒತ್ತಿ ಡಿಟೆಕ್ಟರ್ ಹಿಡಿದರು. ಸದ್ದಿಲ್ಲ. ಅದರ ಬೆನ್ನಿನಲ್ಲಿದ್ದ, ಕಿವಿ ಚುರುಕು ಮಾಡುವ ಸಣ್ಣ ತಿರುಪನ್ನು ಎಳೆ ಎಳೆಯಾಗಿ ತಿರುಗಿಸುತ್ತಾ ಬಂದರು. ಒಂದು ಬೆರಳು ಆಳಕ್ಕೆ ಗುಂಡು ಕೇಳಿಸಿತು. ಎರಡು ಬೆರಳಿಗೆ ಕುಂಯ್ ಅಂತ ನರಳಿತು. ಮುದ್ದೆಗೆ ಮುದ್ದೆ ಮೆತ್ತಿ ನಾಲ್ಕು ಬೆರಳು ಮಾಡಿದರೆ ಮತ್ತೆ ಸದ್ದಿಲ್ಲ. ಇನ್ನೂ ತಿರುಗಿಸಿದಾಗ ಬರೀ ಮುದ್ದೆಗೂ, ಗೋಡೆಗೂ, ಭಾವನ ಮೊಣಕೈಗೂ ಅರಚಿತು. "ಇದು ಸುಳ್ಳು ಕೂಗು," ಅಂತ ತಿರುಪನ್ನು ಹಿಂದಕ್ಕೆ ತಂದರು. ಆಮೇಲೆ ಅದೇ ನಾಲ್ಕು ಬೆರಳು ಮುದ್ದೆಯ ಕೆಳಗೆ ಗುಂಡಿನ ಬದಲು ಬೇಲಿಯ ಮೊಳೆಗಳನ್ನು ಕಟ್ಟಿ ಇಟ್ಟರು. ಕೂಗು ಬೀದಿಗೆ ಕೇಳಿಸಿತು.

"ಹಸುವಿನ ಚರ್ಮದಿಂದ ಹೊಟ್ಟೆಯ ಒಳಚೀಲಕ್ಕೆ ನಾಲ್ಕು ಬೆರಳಿಗಿಂತ ಜಾಸ್ತಿ ದೂರ. ಗುಂಡು ಒಳಗಿದ್ರೂ ಇದಕ್ಕೆ ಕೇಳಿಸಲ್ಲ. ಇದು ಕೂಗಿರೋದು ಕಬ್ಬಿಣಕ್ಕೆ. ಮೇವಿನ ಜೊತೆ ಮೊಳೆ ನುಂಗದ ದನ ಯಾವುದಿದೆ?" ಅಂದು, ಸೀದಾ ಹೋಗಿ ಭಾವನ ಎತ್ತಿನ ಎದೆಗೆ ಹಿಡಿದರು. ಅದೂ ಕುಯ್ಯೋ ಅಂತು! "ಕುಯ್ಯೋದಾದ್ರೆ ಇದರಿಂದ ಶುರು ಮಾಡೋಣ್ವಾ?"

ಭಾವನ ಮುಖ ಕಪ್ಪಿಟ್ಟಿತು. ಮೇಲಿನವರಿಗೆ ಬರೆದು ಟ್ರಾನ್ಸ್‌ಫರ್ ಮಾಡಿಸ್ತೀನಿ ಅಂದರು. "ಬರೀರಿ. ಗಬ್ಬದ ಹಸೂನ ಅನುಮಾನಕ್ಕೆ ಕುಯ್ಯಲಿಲ್ಲ ಅಂತಾನೇ ಬರೀರಿ," ಅಂದರು ಡಾಕ್ಟ್ರಮ್ಮ. ಹೊರಡುವ ಮುಂಚೆ ಕೆಂಪಿಯ ಬಾಯಿ ತೆರೆಸಿ ಈ ಅಯಸ್ಕಾಂತ ನುಂಗಿಸಿದರು. ಮೊಳೆಗಳು ಇದಕ್ಕೆ ಅಂಟಿಕೊಂಡು ಸುಮ್ಮನಿರುತ್ತವಂತೆ, ಎದೆಗೆ ಚುಚ್ಚುವುದಿಲ್ಲವಂತೆ. ನನ್ನ ಗುಂಡನ್ನು ತೊಳೆದು ಅಂಗೈಯಲ್ಲಿಟ್ಟು, "ಪೋಣಿಸ್ಕೋ ತಾಯಿ, ಏನೂ ತಪ್ಪು ಮಾಡಿಲ್ಲ ನೀನು," ಅಂದರು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

ಮುಂದಿನ ತಿಂಗಳು ಕೆಂಪಿ ಹೆಣ್ಣುಕರು ಹಾಕಿದಳು. ಡಾಕ್ಟ್ರಮ್ಮನಿಗೆ ನಿಜವಾಗಿಯೂ ಟ್ರಾನ್ಸ್‌ಫರ್ ಆಯಿತು, ಚನ್ನರಾಯಪಟ್ಟಣದ ಕಡೆಗೆ. ಭಾವ ಬರೆದದ್ದರಿಂದಲೋ, ಸುಮ್ಮನೆಯೋ... ಕೇಳಲು ಧೈರ್ಯವಾಗಲಿಲ್ಲ. ಗುಂಡು ಮಾತ್ರ ಕೆಂಪಿಯ ಹೊಟ್ಟೆಯಲ್ಲೇ ಇದೆ ಅಂತ ಅತ್ತೆ ಒಂಬತ್ತು ವರ್ಷ ಬಂದವರಿಗೆಲ್ಲ ಹೇಳಿದರು. ಆ ಡಾಕ್ಟ್ರಿಗೆ ಕುಯ್ಯೋಕೆ ಬರಲ್ಲ ಅಂತಲೂ ಹೇಳಿದರು.

ಅದಕ್ಕೇ ಹೋದ ತಿಂಗಳು ಅತ್ತೆಯನ್ನೂ ಭಾವನನ್ನೂ ಕುರ್ಚಿ ಹಾಕಿ ಕೂರಿಸಿ, ಅವರ ಎದುರಿಗೇ ಕೊಯ್ಯಿಸಿದೆ. ಕೊಯ್ಯಲು ಬಂದವರು ಒಳಚೀಲವನ್ನು ಮಗುಚಿ ತೊಳೆದು, ಜರಡಿಗೆ ಹಾಕಿ ಜಾಲಿಸಿ ತೋರಿಸಿದರು. ಮೊಳೆ, ತಂತಿ, ಪಿನ್ನು. ಗುಂಡು ಇರಲಿಲ್ಲ.

ಕೈ ತೊಳೆಯದೆಯೇ ಡಾಕ್ಟ್ರಮ್ಮನಿಗೆ ಫೋನ್ ಮಾಡಿದೆ. ಎತ್ತಿದ್ದು ಮಗಳು. ಅಮ್ಮ ಹೋಗಿ ಎರಡು ತಿಂಗಳಾಯ್ತು ಆಂಟಿ ಅಂದಳು. ಹೇಳಬೇಕಾದದ್ದನ್ನು ಅವಳಿಗೇ ಹೇಳಿದೆ, ಮೊದಲಿನಿಂದ ಕೊನೆಯವರೆಗೆ.

"ಸಗಣೀಲಿ ಬಿದ್ದೋಗಿರ್ಬೇಕು ಬುಡು," ಅನ್ನುತ್ತಾರೆ ಅತ್ತೆ ಈಗ. ಅವರು ಕೂತು ಕಾಫಿ ಕುಡಿಯುವ ಜಗಲಿಯ ಗೂಡಿನಲ್ಲೇ ಈ ಅಯಸ್ಕಾಂತ ಇಟ್ಟಿದ್ದೇನೆ. ವಾಸನೆ, ತೆಗಿಯಮ್ಮಿ ಅಂತಾರೆ. ತೆಗೆಯುವುದಿಲ್ಲ. ಡಾಕ್ಟ್ರಮ್ಮನಿಗಂತೂ ತೋರಿಸಲಾಗಲಿಲ್ಲ. ಇವರಾದರೂ ದಿನಾ ನೋಡಲಿ.