ಬಿಯಾಸ್ ನದಿ ದಾಟದ ಸೈನಿಕರು

ಉಪ್ಪಿನ ಸತ್ಯಾಗ್ರಹ ಮುಗಿದು ಬಹಳ ಕಾಲವಾಗಿರಲಿಲ್ಲ. ಖಾದಿ ಉಟ್ಟವರನ್ನು ಸಾಲೆಗಳಲ್ಲಿ ಓರೆಗಣ್ಣಿನಿಂದ ನೋಡುತ್ತಿದ್ದ ದಿನಗಳು. ನಾನಾಗ ಧಾರವಾಡದಲ್ಲಿ ಮೆಟ್ರಿಕ್ ವರ್ಗದಲ್ಲಿದ್ದೆ. ಹುಡುಗರೇ ತುಂಬಿದ್ದ ಆ ಕೋಣೆಯಲ್ಲಿ ಗೋಡೆಗೆ ಹತ್ತಿದ ಬಾಕಿನ ಮೇಲೆ ನಾವಿಬ್ಬರೇ ಹುಡುಗಿಯರು.

ನನಗೆ ಪ್ರಾಚೀನ ಇತಿಹಾಸದ ಹುಚ್ಚು ಹಿಡಿದಿತ್ತು. ಇತಿಹಾಸದ ಮಾಸ್ತರರು ಅಥೆನ್ಸ್, ಕಾರ್ಥೇಜ್, ಪಾಟಲಿಪುತ್ರಗಳ ಕತೆಯನ್ನು ನೆರೆಮನೆಯ ಸುದ್ದಿಯ ಹಾಗೆ ಹೇಳುತ್ತಿದ್ದರು. ಮಾಳಮಡ್ಡಿಯ ನಮ್ಮ ಮನೆ ಮುಟ್ಟುವವರೆಗೂ ನಾನು ಹ್ಯಾನಿಬಾಲನ ಆನೆಗಳ ಜೊತೆಗೇ ನಡೆಯುತ್ತಿದ್ದೆ. ಅಜ್ಜಿ ಗೊಣಗುತ್ತಿದ್ದಳು: "ಸತ್ತ ರಾಜರನ್ನ ತಗೊಂಡು ಏನ್ ಮಾಡ್ತೀಯವಾ? ರೊಟ್ಟಿ ಬಡಿಯೋದು ಕಲಿ."

ಒಂದು ದಿನ ಸಾಲೆ ತಪಾಸಣೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಕೋಟು ತೊಟ್ಟ, ನಮ್ಮವರೇ ಆದ ಅಧಿಕಾರಿ. "ಪ್ರಾಚೀನ ಕಾಲದಾಗ ಎಲ್ಲಾರಕಿಂತ ಧೈರ್ಯಶಾಲಿ ಯಾರು?" ಎಂದು ಕೇಳಿದರು. ಹುಡುಗರೆಲ್ಲ ಅಲೆಕ್ಸಾಂಡರ್ ಎಂದರು. ಸಾಹೇಬರು ಸಂತೋಷಪಟ್ಟು, ನಮ್ಮ ಬಾಕಿನ ಕಡೆಗೂ ತಿರುಗಿದರು. "ನೀ ಹೇಳು ನೋಡೋಣ."

ನಾನು ಎದ್ದು ನಿಂತೆ. "ಅಲೆಕ್ಸಾಂಡರನ ಸೈನಿಕರು, ಸರ್. ಬಿಯಾಸ್ ದಂಡಿ ಮ್ಯಾಲೆ ನಿಂತು, ಮುಂದ ಬರಂಗಿಲ್ಲ ಅಂದ್ರು. ಜಗತ್ತು ಗೆಲ್ಲಾಕ ಹೊಂಟ ರಾಜಾ ತಿರುಗಿ ಹೋಗಬೇಕಾತು."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರ ಮುಖ ಕೆಂಪಾಯಿತು. "ಶಕುನ ಛಲೋ ಬರಲಿಲ್ಲಂತ ಅವ ತಿರುಗಿದ. ಸಿಪಾಯಿಗಳ ಮಾತಿಗಲ್ಲ. ತಿದ್ದಿಕೊಂಡು ಹೇಳು."

"ಶಕುನ ಕೇಳಿದ್ದು ಆಮ್ಯಾಲರಿ. ಮೊದಲು ಅವರು ಒಲ್ಲೆ ಅಂದ್ರು. ಅವ ಸಿಟ್ಟಾಗಿ ಡೇರೇದಾಗ ಕುಂತ. ಆದ್ರೂ ಅವರು ಬಗ್ಗಲಿಲ್ಲ."

"ಇದನ್ನ ನಿನಗ ಯಾರು ಕಲಿಸ್ಯಾರ?"

ಈ ಪ್ರಶ್ನೆ ಅಲೆಕ್ಸಾಂಡರನ ಬಗ್ಗೆ ಅಲ್ಲ, ಸತ್ಯಾಗ್ರಹದ ಬಗ್ಗೆ ಎಂದು ನನಗೆ ತಿಳಿಯಿತು. ಕರಿಹಲಗೆಯ ಪಕ್ಕದಿಂದ ಮಾಸ್ತರರ ದನಿ ಬಂತು: "ನಾನ ಕಲಿಸೀನ್ರಿ."

ಮರುದಿನ ಹೆಡ್‌ಮಾಸ್ತರರು ನನ್ನನ್ನು ಕರೆಸಿದರು. "ಎಲ್ಲಾರ ಮುಂದ ತಪ್ಪಾತು ಅಂದುಬಿಡು, ಮುಗೀತು."

"ತಪ್ಪಾಗಿಲ್ಲಲ್ಲರಿ."

"ಹಂಗಾರ ನಿಮ್ಮಪ್ಪನ್ನ ಕರಕೊಂಡು ಬಾ."

ಅಪ್ಪನದು ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ಹತ್ತಿಯ ವ್ಯಾಪಾರ. ದಿನಾ ಬೆಳಿಗ್ಗೆ ರೈಲಿಗೆ ಹೋಗುವವನು ಮಾರನೆಯ ದಿನ ಹೋಗದೆ ನನ್ನ ಜೊತೆ ಸಾಲೆಗೆ ಹೊರಟ. ದಾರಿಯಲ್ಲಿ ಒಂದೇ ಮಾತು ಕೇಳಿದ: "ಆ ಸೈನಿಕರು ಖರೇನ ಹಂಗಂದ್ರೇನು?"

"ಖರೇ ಅಪ್ಪಾ. ಪುಸ್ತಕದಾಗ ಐತಿ."

ಹೆಡ್‌ಮಾಸ್ತರರ ಎದುರು ಅಪ್ಪ ಕೈ ಮುಗಿದೇ ಮಾತಾಡಿದ. "ಆಕಿ ಸುಳ್ಳು ಹೇಳಿದ್ರ ನಾನ ನಿಮ್ಮ ಕಾಲಿಗೆ ಬೀಳಸ್ತಿದ್ದೆ. ಖರೇ ಹೇಳಿದ್ದಕ್ಕ ತಪ್ಪಾತು ಅನ್ನು ಅಂತ ನಾ ಹೇಳಂಗಿಲ್ರಿ."

ನನ್ನ ಹೆಸರನ್ನು ಸಾಲೆಯಿಂದ ತೆಗೆದುಹಾಕಿದರು. ಮಾಸ್ತರರನ್ನು ಕೆಳಗಿನ ವರ್ಗಕ್ಕೆ ಅಂಕಗಣಿತ ಕಲಿಸಲು ಹಾಕಿದರು. ಆದರೂ ಅವರು ಪ್ರತಿ ರವಿವಾರ ನಮ್ಮ ಪಡಸಾಲೆಗೆ ಬಂದು, ಮಗ್ಗಿ ಕಲಿಸಿ ದಣಿದ ಗಂಟಲಿನಲ್ಲೇ ರೋಮ್ ಪತನದವರೆಗೆ ಪಾಠ ಮುಗಿಸಿದರು. ಅಜ್ಜಿ ಬಾಗಿಲ ಹಿಂದೆ ಕಾಳು ಆರಿಸುತ್ತ ಕೂಡುತ್ತಿದ್ದಳು. ಸೀಸರನನ್ನು ಇರಿದ ದಿನ ಅವಳ ಮೊರದ ಸಪ್ಪಳ ನಿಂತೇಹೋಗಿತ್ತು.

ನಾನು ಹೊರಗಿನಿಂದಲೇ ಪರೀಕ್ಷೆಗೆ ಕುಳಿತು ಪಾಸಾದೆ. ಕಾಲೇಜಿಗೆ ಹೆಸರು ಹಚ್ಚಿದ ವಾರವೇ ಬೈಲಹೊಂಗಲದಿಂದ ಹೆಣ್ಣು ಕೇಳಿಕೊಂಡು ಬಂದರು. ಅಪ್ಪ ಬಾಯಿ ತೆರೆಯುವ ಮೊದಲೇ ಅಜ್ಜಿ ಹೊರಗೆ ಬಂದಳು.

"ನಮ್ಮ ಹುಡುಗಿ ಓದಾಕತ್ತಾಳ್ರಿ. ಕಾಯೋದಿದ್ರ ಕಾಯ್ರಿ, ಇಲ್ಲಂದ್ರ ಬ್ಯಾರೆ ಕಡೆ ನೋಡ್ರಿ. ಚಹಾ ಕುಡಿದು ಹೋಗ್ರಿ."