ಫ್ಯಾನು ನಿಲ್ಲುವುದನ್ನೇ ಕಾದು ಕುಳಿತವರು

ವಾಹನಗಳ ವಿದ್ಯುತ್ ದುರಸ್ತಿ ಎಂಬ ವಿದ್ಯೆಗೆ ನಮ್ಮ ತರಬೇತಿ ಕೇಂದ್ರದಲ್ಲಿ ಶಿಸ್ತನ್ನೂ ಮರ್ಯಾದೆಯನ್ನೂ ತಂದುಕೊಟ್ಟವರು, ಈ ತಿಂಗಳು ನಿವೃತ್ತರಾಗುತ್ತಿರುವ ಆ ವಿಭಾಗದ ಹಿರಿಯ ಬೋಧಕರು. ವಿದ್ಯಾರ್ಥಿಗಳ ಬಾಯಲ್ಲಿ ಅವರು ‘ಮೀಟರ್ ಮೇಷ್ಟ್ರು’. ಅಳೆದು ನೋಡದೆ ಯಾವ ಭಾಗವನ್ನೂ ಬದಲಿಸಗೊಡದ ಅವರ ಹಟಕ್ಕೆ ಸಂದ ಬಿರುದು ಅದು. ಮುರುಕು ಮೇಜು, ಹಳೆಯದೊಂದು ಎಂಜಿನ್ ಇಷ್ಟನ್ನೇ ಇಟ್ಟುಕೊಂಡು ಪಾಠ ಆರಂಭಿಸಿದ ಅವರ ಶಿಷ್ಯರಿಲ್ಲದ ಗ್ಯಾರೇಜು ಇಂದು ಸುತ್ತಮುತ್ತ ಸಿಗುವುದು ಕಷ್ಟ. ಪಕ್ಕದ ವೆಲ್ಡಿಂಗ್ ವಿಭಾಗದಲ್ಲಿ ಕಲಿಸುವ ನಾನು ಅವರ ಶಿಷ್ಯೆಯಲ್ಲ. ಆದರೂ ಈ ಅಭಿನಂದನ ಸಂಪುಟದಲ್ಲಿ ಅವರ ಕುರಿತು ನಾಲ್ಕು ಮಾತು ಬರೆಯುವ ಹಕ್ಕು ನನಗೂ ಇದೆಯೆಂದು ಭಾವಿಸಿದ್ದೇನೆ.

ನಾನು ಇಲ್ಲಿಗೆ ವರ್ಗವಾಗಿ ಬರುವ ಹೊತ್ತಿಗೆ ಅವರ ಪತ್ನಿ ತೀರಿಕೊಂಡು ವರ್ಷಗಳೇ ಆಗಿದ್ದವು. ಮಕ್ಕಳಿರಲಿಲ್ಲ. ತರಗತಿಯಲ್ಲಿ ಗುಡುಗುವ ಈ ಮನುಷ್ಯ ಪಾಠ ಮುಗಿದೊಡನೆ ಮೌನಿಯಾಗುತ್ತಿದ್ದರು. ಸಂಜೆ ಎಲ್ಲರೂ ಮನೆಗೆ ಹೊರಟರೂ, ಆಗಲೇ ಒರೆಸಿಟ್ಟ ಸ್ಪ್ಯಾನರುಗಳನ್ನು ಮತ್ತೊಮ್ಮೆ ಒರೆಸುತ್ತ ಕುಳಿತಿರುತ್ತಿದ್ದರು. ನನಗಾದರೂ ಇದ್ದದ್ದು ಅಪ್ಪ ಒಬ್ಬರೇ. ಮೂತ್ರಪಿಂಡ ಕೈಕೊಟ್ಟಿದ್ದ ಅವರನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ನನ್ನ ಹಳೆಯ ಕಾರಿನಲ್ಲಿ ಕರೆದೊಯ್ಯಬೇಕಿತ್ತು.

ಆ ಬೇಸಿಗೆಯಲ್ಲಿ ಕಾರು ಕಾಡತೊಡಗಿತು. ಓಡುವಾಗ ಸರಿ, ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ ಕುದಿಯುತ್ತಿತ್ತು. ರೇಡಿಯೇಟರಿನ ಫ್ಯಾನು ಒಮ್ಮೊಮ್ಮೆ ತಿರುಗುತ್ತಲೇ ಇರಲಿಲ್ಲ. ಒಬ್ಬ ಮೆಕ್ಯಾನಿಕ್ ಫ್ಯಾನಿನ ಮೋಟರನ್ನೇ ಬದಲಿಸಿದ, ಇನ್ನೊಬ್ಬ ಅದಕ್ಕೆ ಕರೆಂಟು ಬಿಡುವ ರಿಲೇ ಸ್ವಿಚ್ಚನ್ನು ಹೊಸದು ಹಾಕಿದ. ಅವರ ಕಣ್ಣೆದುರು ಫ್ಯಾನು ಗಿರ್ರೆಂದು ತಿರುಗುತ್ತಿತ್ತು. ದಾರಿಯಲ್ಲಿ ಮತ್ತೆ ಅದೇ ಕಥೆ. ಒಂದು ದಿನ, ಚಿಕಿತ್ಸೆ ಮುಗಿಸಿ ಸೋತು ಸುಣ್ಣವಾಗಿದ್ದ ಅಪ್ಪನನ್ನು ರಸ್ತೆಬದಿಯ ಕಟ್ಟೆಯ ಮೇಲೆ ಕೂರಿಸಿ, ಹಬೆಯಾಡುವ ಬಾನೆಟ್ಟಿನ ಮುಂದೆ ನಿಂತು ಅತ್ತುಬಿಟ್ಟೆ. ಮರುದಿನ ಮೇಷ್ಟ್ರಿಗೆ ಹೇಳಿದೆ.

“ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ನನ್ನನ್ನೂ ಕರ್ಕೊಂಡು ಹೋಗಿ,” ಎಂದರು.

“ಇಲ್ಲೇ ನೋಡಬಹುದಲ್ವಾ ಸಾರ್?”

“ಇಲ್ಲಿ ಅದಕ್ಕೇನೂ ಆಗಿಲ್ವಲ್ಲಮ್ಮ. ಅದು ಕೈಕೊಡೋ ಹೊತ್ತಲ್ಲಿ ನಾವು ಹತ್ತಿರ ಇರಬೇಕು.”

ಅಪ್ಪ ಒಳಗಿದ್ದಷ್ಟು ಹೊತ್ತೂ ಅವರು ಆಸ್ಪತ್ರೆಯ ಹಿಂದೆ, ಎಂಜಿನ್ ಚಾಲೂ ಇಟ್ಟು, ಬಾನೆಟ್ ಎತ್ತಿ ಕಾದರು. ಫ್ಯಾನು ತಿರುಗಿತು, ನಿಂತಿತು, ಮತ್ತೆ ತಿರುಗಿತು. ಕೊನೆಗೊಮ್ಮೆ ಎಂಜಿನ್ನಿನ ಬಿಸಿ ಏರಿದರೂ ಅದು ಅಲುಗಲಿಲ್ಲ. ಮೇಷ್ಟ್ರು ಮೀಟರ್ ಹಿಡಿದರು. ಮೋಟರಿಗೆ ಬರುವ ತಂತಿಯಲ್ಲಿ ವೋಲ್ಟೇಜು ಪೂರ್ತಿ ಇತ್ತು. ಅಂದರೆ ಫ್ಯೂಸು, ರಿಲೇ, ಬಿಸಿಯನ್ನು ಗುರುತಿಸುವ ಸೆನ್ಸರು ಎಲ್ಲವೂ ತಮ್ಮ ಕೆಲಸ ಮಾಡುತ್ತಿದ್ದವು. ಬಳಿಕ ಕರೆಂಟು ಮರಳಿ ಹೋಗುವ ಅರ್ತ್ ತಂತಿಯ ಮೋಟರಿನ ತುದಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅಳೆದರು. ಸೊನ್ನೆಯ ಆಸುಪಾಸಿನಲ್ಲಿರಬೇಕಿದ್ದ ಅಂಕಿ ಹತ್ತು ದಾಟಿತ್ತು.

“ನೋಡಿ, ಕರೆಂಟು ಬರ್ತಾ ಇದೆ. ವಾಪಸ್ ಹೋಗೋಕೆ ದಾರಿ ಇಲ್ಲ, ಅಷ್ಟೇ,” ಎಂದರು.

ಹಿಂದೊಮ್ಮೆ ಗುದ್ದಿಸಿಕೊಂಡ ಕಾರಿಗೆ ಬಣ್ಣ ಬಳಿದಾಗ, ಅರ್ತ್ ತಂತಿಯನ್ನು ಕಾರಿನ ಲೋಹದ ಮೈಗೆ ಬಿಗಿಯುವ ಬೋಲ್ಟಿನ ಅಡಿಗೂ ಬಣ್ಣ ಸೇರಿತ್ತು; ಬಿಸಿಗೆ ಅದರ ಹಿಡಿತ ತಪ್ಪುತ್ತಿತ್ತು. ಲೋಹ ಹೊಳೆಯುವವರೆಗೆ ಬಣ್ಣ ಕೆರೆದು, ಬೋಲ್ಟನ್ನು ಬಿಗಿದರು. ಫ್ಯಾನು ಭರ್ರೆಂದಿತು. ಆ ಸದ್ದಿಗೆ ನನ್ನ ಕಣ್ಣು ತುಂಬಿ ಬಂತು.

ಮುಂದಿನ ಸರದಿಯ ದಿನವೂ ಮೇಷ್ಟ್ರು ಚೀಲ ಹಿಡಿದು ಗೇಟಿನ ಬಳಿ ನಿಂತಿದ್ದರು.

“ಕಾರು ಸರಿಹೋಯ್ತಲ್ಲ ಸಾರ್?”

“ಇರ್ಲಿ, ಇನ್ನೊಂದ್ಸಲ ನೋಡ್ಬಿಡೋಣ.”

ಅದರ ಮುಂದಿನ ಸಲವೂ ಹಾಗೇ. ನಾನು ಬೇಡವೆನ್ನಲು ಹೊರಟಾಗ ಅಪ್ಪ ಮೆಲ್ಲಗೆ ಗದರಿದರು: “ಸುಮ್ನಿರೇ. ನೋಡೋಕೇನೂ ಉಳಿದಿಲ್ಲ ಅಂತ ಅವರಿಗೂ ಗೊತ್ತು.”

ಹೀಗೆ ಅಪ್ಪ ಬದುಕಿದ್ದಷ್ಟು ಕಾಲವೂ ಅವರು ಬಂದರು. ಬರಬರುತ್ತ ಬಾನೆಟ್ ಎತ್ತುವ ನೆಪವನ್ನೂ ಬಿಟ್ಟು, ನೇರ ಒಳಗೆ ಹೋಗಿ ಹಾಸಿಗೆಯ ಪಕ್ಕ ಕುಳಿತರು. ಹಳೆಯ ರೇಡಿಯೊಗಳ ವಾಲ್ವುಗಳ ಬಗ್ಗೆ ಇಬ್ಬರೂ ಜಗಳಾಡುತ್ತಿದ್ದರು. ಅಪ್ಪ ಅಷ್ಟು ನಕ್ಕಿದ್ದನ್ನು ನಾನು ಬೇರೆಲ್ಲೂ ಕಾಣೆ. ಅಪ್ಪ ಹೋದ ದಿನ ಎಲ್ಲರಿಗಿಂತ ಮೊದಲು ಬಂದವರು ಅವರೇ. ಒಳಗೆ ಬನ್ನಿ ಎಂದರೂ ಬಾರದೆ, ಚಪ್ಪಲಿ ಬಿಡುವ ಜಾಗದಲ್ಲೇ ತುಂಬ ಹೊತ್ತು ನಿಂತಿದ್ದರು.

ಆಮೇಲೆ ನಮಗೆ ಒಟ್ಟಿಗಿರಲು ಕಾರಣವೇ ಇಲ್ಲದಂತಾಯಿತು. ಒಂದೇ ಪಡಸಾಲೆಯಲ್ಲಿ ಎದುರಾಗಿ ತಲೆಯಾಡಿಸಿ, ಅವರು ಅವರ ಖಾಲಿ ಮನೆಗೆ, ನಾನು ನನ್ನದಕ್ಕೆ ಹೊರಡುತ್ತಿದ್ದೆವು.

ಕಳೆದ ವಾರ ಈ ಸಂಪುಟಕ್ಕೆ ಭಾವಚಿತ್ರ ಕೇಳಲು ಮೊದಲ ಬಾರಿ ಅವರ ಮನೆಗೆ ಹೋದೆ. ಹೊರಡುವಾಗ ಅವರು ಸಂಕೋಚದಿಂದ, “ಊಟ ಮಾಡ್ಕೊಂಡು ಹೋಗಿ. ಜಾಸ್ತಿನೇ ಇದೆ. ಒಬ್ಬನಿಗೆ ಎಷ್ಟು ಬೇಕು ಅಂತ ಅಳತೆ ಇವತ್ತಿಗೂ ಸಿಕ್ಕಿಲ್ಲ ನೋಡಿ,” ಎಂದರು.

“ನನಗೂ ಸಿಕ್ಕಿಲ್ಲ ಸಾರ್,” ಎಂದೆ.

ಕೈ ತೊಳೆದು ಎದುರುಬದುರು ಕುಳಿತು ಉಂಡೆವು.

ಮುಂದಿನ ತಂಡಕ್ಕೂ ವಾರಕ್ಕೊಂದು ಪಾಠ ಮಾಡಲು ಒಪ್ಪಿರುವ ಮೇಷ್ಟ್ರಿಗೆ ಕೈ ನಡುಗದ, ಕಣ್ಣು ಮಂಜಾಗದ ದೀರ್ಘಾಯುಷ್ಯವಿರಲಿ. ಅವರಿಂದ ಇನ್ನಷ್ಟು ಮಂದಿ ಅಳೆದು ನೋಡುವುದನ್ನು ಕಲಿಯಲಿ. ಬರುವ ಭಾನುವಾರ ನಮ್ಮ ಮನೆಗೆ ಊಟಕ್ಕೆ ಕರೆದಿದ್ದೇನೆ. ಬರುತ್ತೇನೆಂದೂ ಹೇಳಿಲ್ಲ, ಬರುವುದಿಲ್ಲವೆಂದೂ ಹೇಳಿಲ್ಲ. ಇಬ್ಬರಿಗಾಗುವಷ್ಟು ಅಡುಗೆ ಮಾಡಿಟ್ಟಿರುತ್ತೇನೆ.